ಹೊನ್ನಿನ ಐತಿಹ್ಯ, ಹೊನ್ನಿನ ಕುಳಿ: ಕರ್ನಾಟಕದ ನಿಧಿ ಕತೆಗಳನ್ನು ಓದುವ ಬಗೆ

ನಮ್ಮ ನಾಡಿನ ತಾಮ್ರಪಟಗಳಲ್ಲಿಯೂ ಶಿಲಾಶಾಸನಗಳಲ್ಲಿಯೂ ಭೂಮಿಯನ್ನು ದಾನವಾಗಿ ಕೊಡುವಾಗ ಮತ್ತೆ ಮತ್ತೆ ಬರುವ ಒಂದು ಸಾಲು ಶಾಸನಾಭ್ಯಾಸಿಗಳೆಲ್ಲರಿಗೂ ಬಾಯಿಪಾಠವಾಗಿರುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ ತೇಜಃಸ್ವಾಮ್ಯ ಸಹಿತವಾಗಿ, ಅಂದರೆ ಎಂಟು ಬಗೆಯ ಅನುಭೋಗದ ಪೂರ್ಣ ಒಡೆತನದೊಂದಿಗೆ, ಈ ಭೂಮಿಯನ್ನು ಕೊಟ್ಟಿದ್ದೇವೆ ಎಂಬುದೇ ಆ ಸಾಲು. ನೀರಿಗಿಂತ, ಕಲ್ಲಿಗಿಂತ, ಮುಂದೆ ಬರಬಹುದಾದ ಆದಾಯಕ್ಕಿಂತ ಮೊದಲು ನಿಧಿ ನಿಕ್ಷೇಪಗಳ ಹೆಸರು ಬರುತ್ತದೆ ಎಂಬುದನ್ನು ಗಮನಿಸಬೇಕು. ನೆಲದೊಳಗೆ ಏನೋ ಇರಬಹುದು, ಇದ್ದರೆ ಅದರ ಒಡೆತನ ಯಾರದು ಎಂಬುದು ಅಜ್ಜಿ ಹೇಳುವ ಕತೆಗೆ ಮಾತ್ರ ಸೇರಿದ ವಿಷಯವಾಗಿರಲಿಲ್ಲ. ಅರಸನ ಸೇನಬೋವನು ಲೆಕ್ಕಕ್ಕೆ ತೆಗೆದುಕೊಂಡು, ಕಂಡರಿಸುವವನ ಕೈಯಲ್ಲಿ ಕಲ್ಲಿಗೆ ಏರಿಸಿದ ಹಕ್ಕಾಗಿತ್ತು. ಆದ್ದರಿಂದ ನಿಧಿಯ ಐತಿಹ್ಯಗಳನ್ನು ಬರಿಯ ಮೂಢನಂಬಿಕೆಯೆಂದು ಬದಿಗೆ ಸರಿಸುವುದು ನನಗೆ ಒಪ್ಪಿಗೆಯಾಗುವ ದಾರಿಯಲ್ಲ. ಹಾಗೆಂದು ಅವುಗಳ ಮಾತನ್ನು ಅಕ್ಷರಶಃ ನಂಬಿ ಹಾರೆ ಹಿಡಿಯುವುದಂತೂ ಈ ನಾಡಿಗೆ ಬಹಳ ದುಬಾರಿಯಾಗಿ ಪರಿಣಮಿಸಿದೆ.

ಈ ಕತೆಗಳನ್ನು ಕೇಳುವಾಗ ನಾವು ಸಾಮಾನ್ಯವಾಗಿ ಬೆರೆಸಿಬಿಡುವ ಎರಡು ಬಗೆಗಳಿವೆ. ಒಂದು, ಮನುಷ್ಯನು ಹೂತಿಟ್ಟ ಹೊನ್ನಿನ ಕತೆ: ಕೊಪ್ಪರಿಗೆ, ಕೋಟೆಯ ಸುರಂಗ, ಗುಡಿಯ ಗರ್ಭಗೃಹ, ಅರಸನ ಬೊಕ್ಕಸ. ಇನ್ನೊಂದು, ಭೂಮಿಯೇ ಬಚ್ಚಿಟ್ಟುಕೊಂಡ ಹೊನ್ನಿನ ಕತೆ: ಮಳೆ ಬಂದರೆ ಚಿನ್ನದ ಕಣ ತೇಲಿಬರುವ ಹಳ್ಳ, ಹೊನ್ನಿನ ಬೆಟ್ಟ, ಒಳಗೆ ಇಳಿದವರು ಮರಳಿ ಬಾರದ ಗವಿ. ಮೊದಲನೆಯ ಬಗೆಯ ಕತೆಗಳನ್ನು ಬೆನ್ನಟ್ಟಿದವರಿಗೆ ಬಹುಪಾಲು ಏನೂ ಸಿಕ್ಕಿಲ್ಲ. ಎರಡನೆಯ ಬಗೆಯವು ಆಶ್ಚರ್ಯವೆನಿಸುವಷ್ಟು ಸಲ ನಿಜವಾಗಿವೆ. ಅದಕ್ಕೆ ಕಾರಣವಿದೆ: ಅವು ಐಶ್ವರ್ಯದ ಕನಸಿನಿಂದ ಹುಟ್ಟಿದವಲ್ಲ, ಒಂದು ಕಾಲದಲ್ಲಿ ಅಲ್ಲಿ ದುಡಿದ ಜನರ ನೆನಪಿನಿಂದ ಉಳಿದವು. ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಹೂತಿಟ್ಟ ಹೊನ್ನು ಎಂಬುದೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಚಕ್ರವರ್ತಿಗಳ ಕಾಲದ 160ಕ್ಕೂ ಹೆಚ್ಚು ಬೆಳ್ಳಿಯ ನಾಣ್ಯಗಳು ಸಿಕ್ಕವು. ಚಿತ್ರದುರ್ಗದ ಬುಡದಲ್ಲಿರುವ ಚಂದ್ರವಳ್ಳಿಯ ಉತ್ಖನನಗಳು ಸಾತವಾಹನರ ನಾಣ್ಯಗಳ ಜೊತೆಗೆ ರೋಮನ್ ದಿನಾರವನ್ನೂ ತೋರಿಸಿಕೊಟ್ಟವು. ಬ್ಯಾಂಕು ಎಂಬುದಿಲ್ಲದ ಕಾಲದಲ್ಲಿ ನೆಲವೇ ತಿಜೋರಿ. ದಂಡು ಬರುತ್ತದೆ ಎಂಬ ಸುದ್ದಿ ಬಂದ ರಾತ್ರಿ ಹಿತ್ತಿಲಲ್ಲಿ ಗಡಿಗೆಯನ್ನು ಹೂತು ಊರು ಬಿಟ್ಟವನು ಮರಳಿ ಬಾರದಿದ್ದರೆ, ಆ ಗಡಿಗೆಯ ಗುಟ್ಟು ಅವನೊಂದಿಗೇ ಹೋಯಿತು. ಇಂಥ ಗಡಿಗೆಗಳು ಯಾರದೋ ಹೊಲದಲ್ಲಿ ನೇಗಿಲ ಮೊನೆಗೆ, ಯಾರದೋ ಮನೆಯ ಪಾಯದಲ್ಲಿ ಗುದ್ದಲಿಗೆ ಇಂದಿಗೂ ತಾಗುತ್ತವೆ. ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಹೀಗೆ ಸಿಕ್ಕಿದ ನಿಧಿಗಳಲ್ಲಿ ಬಹುತೇಕ ಎಲ್ಲವೂ ಬೇರೇನನ್ನೋ ಮಾಡುತ್ತಿದ್ದವರಿಗೆ ಆಕಸ್ಮಿಕವಾಗಿ ಸಿಕ್ಕಿದವು. ಕತೆಯ ಸುಳಿವು ಹಿಡಿದು ಅಗೆದವರಿಗೆ ಸಿಕ್ಕಿದವಲ್ಲ. ಹೂತವನು ಯಾರಿಗೂ ತಿಳಿಯಬಾರದೆಂದೇ ಹೂತಿದ್ದಾನೆ. ಊರಿಗೆಲ್ಲ ಗೊತ್ತಿರುವ ನಿಧಿ ಎಂಬುದು ಅದರಷ್ಟಕ್ಕೆ ಅಸಂಭವದ ಮಾತು.

ಹಾಗಾದರೆ ಊರಿಗೆಲ್ಲ ಗೊತ್ತಿರುವ ಕತೆ ಏನನ್ನು ಹೇಳುತ್ತಿದೆ? ಹಳೆಯ ಮೈಸೂರು ಸೀಮೆಯಿಂದ ಬಯಲುಸೀಮೆಯವರೆಗೆ ಇವುಗಳ ಚೌಕಟ್ಟು ಹೆಚ್ಚು ಬದಲಾಗುವುದಿಲ್ಲ. ಏಳು ಕೊಪ್ಪರಿಗೆ ಹೊನ್ನು ಸರಪಳಿಯಿಂದ ಒಂದಕ್ಕೊಂದು ಕಟ್ಟಿಕೊಂಡು ನೆಲದೊಳಗೆ ಇರುತ್ತದೆ. ಅಮಾವಾಸ್ಯೆಯ ರಾತ್ರಿ ಅದು ಸದ್ದು ಮಾಡುತ್ತಾ ಕೆರೆಯ ಕಡೆಗೆ ಉರುಳಿಕೊಂಡು ಹೋಗುತ್ತದೆ. ಘಟಸರ್ಪವೊಂದು ಅದನ್ನು ಕಾಯುತ್ತದೆ. ಯಾರ ಹೆಸರಿಗೆ ಬರೆದಿದೆಯೋ ಅವರಿಗೆ ಮಾತ್ರ ಅದು ಹೊನ್ನಾಗಿ ಕಾಣುತ್ತದೆ, ಉಳಿದವರು ಮುಚ್ಚಳ ತೆಗೆದರೆ ಇದ್ದಿಲು. ಅಂಜನ ಹಾಕಿ ನೋಡುವವನು ಒಬ್ಬ ಇರುತ್ತಾನೆ. ಕಾಲು ಮುಂದಾಗಿ ಹುಟ್ಟಿದವನ ಕಣ್ಣಿಗೆ ಅದು ಬೀಳುತ್ತದೆ ಎನ್ನುತ್ತಾರೆ. ಕೊನೆಗೆ ಅದು ಬಲಿ ಕೇಳುತ್ತದೆ, ಮತ್ತು ಕೇಳುವುದು ಚೊಚ್ಚಲ ಮಗುವನ್ನು ಅಥವಾ ತುಂಬು ಬಸುರಿಯನ್ನು.

ಈ ವಿವರಗಳನ್ನು ಕಟ್ಟಿದವರು ಅವಿವೇಕಿಗಳಲ್ಲ. ಕತೆಯ ಒಳಗೇ ಕತೆಯನ್ನು ನಂಬಬೇಡ ಎಂಬ ಎಚ್ಚರಿಕೆ ಇದೆ. ಸಿಕ್ಕಿದರೂ ಅದು ಇದ್ದಿಲಾಗುತ್ತದೆ. ಪಡೆಯಬೇಕಾದರೆ ನಿನ್ನ ಕುಡಿಯನ್ನೇ ಕೊಡಬೇಕು. ಕೊಟ್ಟು ಪಡೆದವನ ವಂಶ ಉಳಿಯಲಿಲ್ಲ. ಊರಿನಲ್ಲಿ ಒಂದು ಮನೆತನವು ಇದ್ದಕ್ಕಿದ್ದಂತೆ ಸಿರಿವಂತವಾದಾಗ ಅದಕ್ಕೆ ನಿಧಿ ಸಿಕ್ಕಿತಂತೆ ಎಂದು ಹೇಳುವುದು, ಆ ಮನೆತನ ಕುಸಿದಾಗ ನಿಧಿಯ ಶಾಪ ತಟ್ಟಿತು ಎಂದು ಹೇಳುವುದು, ಬೆವರಿಲ್ಲದ ಸಂಪತ್ತಿನ ಬಗ್ಗೆ ದುಡಿಯುವ ಜನರು ಕೊಟ್ಟ ತೀರ್ಪೇ ಆಗಿದೆ. ಆ ತೀರ್ಪನ್ನು ಮರೆತು, ಬಲಿ ಎಂಬ ಮಾತನ್ನು ವಿಧಿಯೆಂಬಂತೆ ಎತ್ತಿಕೊಂಡವರು ನಮ್ಮ ಕಾಲದಲ್ಲಿಯೂ ಇದ್ದಾರೆ ಎಂಬ ಕಾರಣಕ್ಕೆ, ಅಮಾನವೀಯ ಆಚರಣೆ ಮತ್ತು ವಾಮಾಚಾರಗಳನ್ನು ತಡೆಯಲು ಕರ್ನಾಟಕವು 2017ರಲ್ಲಿ ಮಾಡಿದ ಕಾಯ್ದೆಯಲ್ಲಿ ನಿಧಿ ಶೋಧದ ಹೆಸರಿನ ಕೃತ್ಯಗಳನ್ನು ಪ್ರತ್ಯೇಕವಾಗಿ ಹೆಸರಿಸಬೇಕಾಯಿತು.

ಹೂತಿಟ್ಟ ಹೊನ್ನಿನ ಕತೆಗಳಿಗೆ ನಮ್ಮಲ್ಲಿ ದೊಡ್ಡ ತವರು ಹಂಪಿ. ಅದಕ್ಕೆ ಬರಹದ ಆಧಾರವೂ ಇದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಝಾಕ್, ಅರಸನ ಬೊಕ್ಕಸದ ಕೋಣೆಗಳಲ್ಲಿ ಕುಳಿಗಳನ್ನು ತೋಡಿ ಕರಗಿಸಿದ ಚಿನ್ನವನ್ನು ಹೊಯ್ದು ಒಂದೇ ಗಟ್ಟಿಯಾಗಿಸಿದ್ದಾರೆ ಎಂದು ಬರೆದ. 1520ರ ಸುಮಾರಿಗೆ ಕೃಷ್ಣದೇವರಾಯನ ಪಟ್ಟಣವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇನ್ನೂ ಕುತೂಹಲಕರವಾದ ಸಂಗತಿಯೊಂದನ್ನು ದಾಖಲಿಸುತ್ತಾನೆ: ಇಲ್ಲಿ ಪ್ರತಿಯೊಬ್ಬ ಅರಸನೂ ತನ್ನದೊಂದು ಭಂಡಾರವನ್ನು ಕೂಡಿಡುತ್ತಾನೆ, ಅವನು ಸತ್ತ ಮೇಲೆ ಅದಕ್ಕೆ ಬೀಗ ಮುದ್ರೆ ಬೀಳುತ್ತದೆ, ಮುಂದೆ ಬರುವ ಅರಸರು ಅದನ್ನು ತೆರೆಯುವುದಿಲ್ಲ, ಒಳಗೆ ಏನಿದೆಯೆಂದು ಅವರಿಗೂ ತಿಳಿದಿರುವುದಿಲ್ಲ. ಇಂಥ ವರ್ಣನೆಯೊಂದು ಇದ್ದಮೇಲೆ ಐತಿಹ್ಯಕ್ಕೆ ಬೇರೆ ಬೀಜ ಬೇಕಿಲ್ಲ. ಸಾಲು ಸಾಲು ಅರಸರ ತೆರೆಯದ ಭಂಡಾರಗಳು ಆ ಬಂಡೆಗಳ ನಡುವೆ ಎಲ್ಲೋ ಇರಲೇಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ 1565ರ ಜನವರಿಯ ರಕ್ಕಸತಂಗಡಿ ಯುದ್ಧದ ನಂತರ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ವಿಜಯನಗರದ ಆಡಳಿತ ಹಿಡಿದಿದ್ದ ರಾಮರಾಯನು ಬಿದ್ದ ಸುದ್ದಿ ತಲುಪುತ್ತಲೇ ಅವನ ತಮ್ಮ ತಿರುಮಲರಾಯನು ಚಿನ್ನ, ವಜ್ರ, ರತ್ನಗಳನ್ನು 550 ಆನೆಗಳ ಮೇಲೆ ಹೇರಿಸಿಕೊಂಡು ಪೆನುಕೊಂಡೆಯ ಕಡೆಗೆ ಹೊರಟುಹೋದನೆಂಬುದು ರಾಬರ್ಟ್ ಸೀವೆಲ್ ತನ್ನ ವಿಜಯನಗರದ ಚರಿತ್ರೆಯಲ್ಲಿ ಕೊಟ್ಟ ಚಿತ್ರ. ಆನೆಗಳ ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದಾದರೂ ಸಾಗಿಸಲು ಆಗುವುದನ್ನು ಮೊದಲೇ ಸಾಗಿಸಿದರೆಂಬುದರಲ್ಲಿ ಸಂದೇಹಪಡಲು ಕಾರಣವಿಲ್ಲ. ಕಾವಲಿಲ್ಲದೆ ಉಳಿದ ಪಟ್ಟಣವನ್ನು ಮೊದಲು ಸುತ್ತಲಿನ ಲೂಟಿಕೋರರು, ಅನಂತರ ಗೆದ್ದ ಸುಲ್ತಾನರ ಸೈನ್ಯಗಳು ತಿಂಗಳುಗಟ್ಟಲೆ ನೆಲೆಸಿ ಬಗೆದವು. ಎರಡು ವರ್ಷಗಳ ಬಳಿಕ ಅಲ್ಲಿಗೆ ಬಂದ ಇಟಲಿಯ ವರ್ತಕ ಸೀಸರ್ ಫ್ರೆಡರಿಕ್ ಕಂಡದ್ದು ಮನೆಗಳು ನಿಂತಿದ್ದರೂ ಜನರಿಲ್ಲದ ಬರಿದು ಪಟ್ಟಣವನ್ನು. ಅಷ್ಟು ದೊಡ್ಡ ಸೈನ್ಯಗಳು, ಅಷ್ಟು ಬಿಡುವು, ಅಷ್ಟು ಆಸೆ ಇದ್ದೂ ಬಿಟ್ಟುಹೋದದ್ದು ನಾಲ್ಕೂವರೆ ಶತಮಾನಗಳ ನಂತರ ರಾತ್ರಿ ಬಂದು ಹಾರೆ ಹಾಕುವ ಮೂವರಿಗೆ ಸಿಗುತ್ತದೆ ಎಂದು ನಂಬಲು ನನಗೆ ಯಾವ ಆಧಾರವೂ ಕಾಣುವುದಿಲ್ಲ.

ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರಿನ ಕತೆಯೂ ಇದೇ ದಾರಿಯದು. 1763ರಲ್ಲಿ ಹೈದರಾಲಿ ಮುತ್ತಿದಾಗ ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿಯಿಡಿಸಿ ಬಲ್ಲಾಳರಾಯನದುರ್ಗಕ್ಕೆ ಹೋದಳು. ಕೆಳದಿಯವರ ಭಂಡಾರ ಹೈದರನ ಪಾಲಾಯಿತು, ಅವನ ಮುಂದಿನ ಬಲಕ್ಕೆಲ್ಲ ಅದೇ ಬುನಾದಿಯಾಯಿತು. ಶ್ರೀರಂಗಪಟ್ಟಣದಲ್ಲಿ 1799ರ ಮೇ 4ರ ಬಳಿಕ ಇಂಗ್ಲಿಷರು ಟಿಪ್ಪುವಿನ ಅರಮನೆಯ ಸೊತ್ತನ್ನು ಪಟ್ಟಿಮಾಡಿ, ಸಿಂಹಾಸನವನ್ನೂ ತುಂಡರಿಸಿ, ಸೈನಿಕರ ನಡುವೆ ಹಂಚಿದರು. ಎರಡೂ ಕಡೆ ಸಂಪತ್ತು ಯಾರ ಕೈಗೆ ಹೋಯಿತೆಂಬುದಕ್ಕೆ ದಾಖಲೆ ಇದೆ. ಆದರೂ ಎರಡೂ ಕಡೆ ಉಳಿದದ್ದು ಎಲ್ಲೋ ಇದೆ ಎಂಬ ಕತೆ ನಿಂತಿಲ್ಲ. ಕಳೆದುಕೊಂಡ ರಾಜ್ಯವೊಂದು ಪೂರ್ತಿಯಾಗಿ ಕಳೆದುಹೋಗಿಲ್ಲ ಎಂದು ಹೇಳಿಕೊಳ್ಳುವ ಬಗೆ ಇದು. ಅದರ ಹಿಂದಿನ ನೋವನ್ನು ನಾನು ಗೌರವಿಸುತ್ತೇನೆ.

ಅಲಮೇಲಮ್ಮನ ಆಭರಣಗಳ ಐತಿಹ್ಯವನ್ನು ಇಲ್ಲಿ ಬಿಡಲಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಬಳಿಕ, ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮನು ತನ್ನ ಒಡವೆಗಳಿಗಾಗಿ ಬಂದವರಿಂದ ತಪ್ಪಿಸಿಕೊಂಡು ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು, ಹಾರುವಾಗ ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರ ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಪಿಸಿದಳು ಎಂಬುದು ಎಲ್ಲರೂ ಬಲ್ಲ ಕತೆ. ನದಿಯ ತಿರುವಿನಲ್ಲಿ ಬಯಲಾದ ಮರಳನ್ನು ಗಾಳಿ ಹೊತ್ತು ತಂದು ಗುಡಿಗಳನ್ನು ಮುಚ್ಚಿತು, ಮೇಲ್ಭಾಗದ ಮಾಧವಮಂತ್ರಿ ಅಣೆಕಟ್ಟೆಯಿಂದ ನೀರಿನ ಹರಿವು ಬದಲಾದದ್ದೂ ಅದಕ್ಕೆ ಕಾರಣವಾಗಿರಬಹುದು ಎನ್ನುತ್ತಾರೆ ಭೂವಿಜ್ಞಾನಿಗಳು. ಒಡವೆಗಳನ್ನು ಹುಡುಕಿದರೆ ಮಡುವಿನಲ್ಲಿ ಏನೂ ಸಿಗದು. ಆದರೆ ಊರೊಂದು ಮರಳಿನಡಿ ಹೂತುಹೋದ ನಿಜವಾದ ಘಟನೆಯನ್ನು, ಅಧಿಕಾರ ಕೈಬದಲಾದ ನಿಜವಾದ ಕಾಲದೊಂದಿಗೆ ಹೆಣೆದು ನಾಲ್ಕು ಶತಮಾನ ಕಾಪಾಡಿದ್ದು ಈ ಕತೆಯೇ.

ಇನ್ನು ಭೂಮಿಯ ಹೊನ್ನಿಗೆ ಬರುತ್ತೇನೆ. 1802ರಲ್ಲಿ ಮೈಸೂರು ರಾಜ್ಯದ ಪೂರ್ವದ ಗಡಿಯನ್ನು ಗುರುತಿಸಲು ಕೋಲಾರದ ಕಡೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಬ್ರಿಟಿಷ್ ಅಧಿಕಾರಿಯ ಕಿವಿಗೆ ಆ ಸೀಮೆಯ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಬಿತ್ತು. ತೋರಿಸಿದವರಿಗೆ ಬಹುಮಾನ ಕೊಡುವೆನೆಂದು ಅವನು ಸಾರಿದಾಗ ಊರಿಗಾಂ ಊರಿನವರು ಗಾಡಿಗಳಲ್ಲಿ ಮಣ್ಣು ತಂದು, ಅವನ ಕಣ್ಣೆದುರಿಗೇ ತೊಳೆದು, ಹೊನ್ನಿನ ಕಣಗಳನ್ನು ತೆಗೆದು ತೋರಿಸಿದರು. ಮಾರಿಕುಪ್ಪಂ ಬಳಿಯಲ್ಲಿ ಅವನು ಕಂಡದ್ದು ಇನ್ನೂ ಮುಖ್ಯವಾದುದು. ಅಸ್ಪೃಶ್ಯರೆಂದು ಕರೆಯಲ್ಪಟ್ಟ ಸಮುದಾಯದ ಗಂಡಸರು ಆಳವಾದ ಕುಳಿಗಳಿಗೆ ಇಳಿದು ಕಲ್ಲನ್ನು ಒಡೆದು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಕಳಿಸುತ್ತಿದ್ದರು, ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ನೀರಿನಲ್ಲಿ ತೊಳೆಯುತ್ತಿದ್ದರು. ಚರಿತ್ರೆಯ ಪುಸ್ತಕಗಳು ವಾರನ್‌ನು ಐತಿಹ್ಯವನ್ನು ಬೆನ್ನಟ್ಟಿ ಚಿನ್ನವನ್ನು ಕಂಡುಹಿಡಿದ ಎಂದು ಬರೆಯುತ್ತವೆ. ಆ ಮಾತು ಸರಿಯಲ್ಲ. ಅವನಿಗೆ ವದಂತಿಯಾಗಿದ್ದದ್ದು ಆ ಕುಳಿಯೊಳಗಿದ್ದವರಿಗೆ ದಿನನಿತ್ಯದ ಕೆಲಸವಾಗಿತ್ತು. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ.

ಮುಂದಿನದು ನಿಮಗೆ ಗೊತ್ತಿರುವ ಕತೆ, ಬೇಗ ದಾಟುತ್ತೇನೆ. ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೇಲ್ ಲವೆಲ್, ವಾರನ್ ಬರೆದದ್ದನ್ನು ಓದಿ 1871ರಲ್ಲಿ ಎತ್ತಿನ ಗಾಡಿ ಏರಿ ಕೋಲಾರಕ್ಕೆ ಹೋದ. 1875ರಲ್ಲಿ ಅವನಿಗೆ ಗಣಿಯ ಪರವಾನಗಿ ದೊರೆಯಿತು. ಅವನಿಂದ ಬೇರೆಯವರ ಕೈಗೆ ದಾಟಿ, 1880ರ ವೇಳೆಗೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದಿತು. ಹಾಕಿದ ಬಂಡವಾಳವೆಲ್ಲ ಮುಗಿಯುತ್ತ ಬಂದು ಕೈಬಿಡುವ ಸ್ಥಿತಿ ಬಂದಿದ್ದಾಗ, ಪ್ಲಮರ್ ಎಂಬ ಗಣಿಯ ಮೇಲ್ವಿಚಾರಕನು ಹಿಂದಿನವರು ತೋಡಿ ಬಿಟ್ಟಿದ್ದ ಹಳೆಯ ಕುಳಿಗಳ ಕೆಳಗೆ ಇಳಿದು ನೋಡಿದಾಗ ಚಾಂಪಿಯನ್ ರೀಫ್ ಎಂದು ಹೆಸರಾದ ಸಮೃದ್ಧ ಪದರ ಸಿಕ್ಕಿತು. ಹಳಬರ ಕುಳಿಯನ್ನು ಬಿಟ್ಟು ಬೇರೆಡೆ ಅಗೆದಷ್ಟು ಕಾಲ ಸೋಲು, ಅದರ ಕೆಳಗೆ ಇಳಿದಾಗ ಚಿನ್ನ. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ತು ಬಂತು, ಸುರಂಗಗಳು ಮೂರು ಕಿಲೋಮೀಟರಿಗೂ ಮಿಕ್ಕಿದ ಆಳ ಮುಟ್ಟಿದವು, 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ವೇಳೆಗೆ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಯಾವ ಐತಿಹ್ಯದ ಏಳು ಕೊಪ್ಪರಿಗೆಯೂ ಈ ಲೆಕ್ಕಕ್ಕೆ ಹತ್ತಿರವಿಲ್ಲ. ಅದಕ್ಕೆ ತೆತ್ತ ಬಲಿಯೂ ಹಾಗೆಯೇ: ಬಂಡೆ ಸಿಡಿತದಲ್ಲಿ ಸತ್ತವರು, ಕಲ್ಲುಪುಡಿ ಶ್ವಾಸಕೋಶ ಸೇರಿ ಉಸಿರು ಕಟ್ಟಿದವರು, ಚಿನ್ನ ತೆಗೆದ ಬಳಿಕ ಉಳಿದ ಅದಿರಿನ ಪುಡಿ ಗುಡ್ಡೆಯಾಗಿರುವ ಸೈನೈಡ್ ದಿಬ್ಬಗಳ ದೂಳನ್ನು ಇಂದಿಗೂ ಗಾಳಿ ಬೀಸಿದರೆ ಉಣ್ಣುವವರು. ಹೊನ್ನು ಬಲಿ ಕೇಳುತ್ತದೆ ಎಂಬ ಮಾತಿಗೆ ನಾನು ಕಂಡ ಅತ್ಯಂತ ನೇರವಾದ ಅರ್ಥ ಕೆಜಿಎಫ್‌ನ ಕಾರ್ಮಿಕರ ಸಾಲುಮನೆಗಳಲ್ಲಿದೆ. ಅದೇ ಆಳದಲ್ಲಿ 1965ರಲ್ಲಿ ಭೌತವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಪತ್ತೆಹಚ್ಚಿದರು ಎಂಬುದನ್ನೂ ಇಲ್ಲಿ ಸೇರಿಸಬೇಕು. ಆ ಸುರಂಗಗಳಿಂದ ಬಂದದ್ದು ಚಿನ್ನ ಮಾತ್ರವಲ್ಲ.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿನ ಗಣಿಗಾರರು ಇಳಿದಾಗ ಹಳಬರ ಅಗೆತ 640 ಅಡಿಗಳಷ್ಟು ಆಳಕ್ಕೆ ಹೋಗಿದ್ದುದು ಕಂಡುಬಂತು. ಅಲ್ಲಿ ಸಿಕ್ಕಿದ ಮರದ ತೊಲೆಗಳ ಕಾಲನಿರ್ಣಯವು ಸುಮಾರು ಎರಡು ಸಾವಿರ ವರ್ಷಗಳ ಹಿಂದಕ್ಕೆ ಒಯ್ಯುತ್ತದೆ. ಸಿಡಿಮದ್ದಿಲ್ಲ, ಉಗಿಯ ಪಂಪಿಲ್ಲ. ಬಂಡೆಯ ಮುಖಕ್ಕೆ ಸೌದೆ ಒಟ್ಟಿ ಬೆಂಕಿ ಹಚ್ಚಿ, ಕೆಂಪಗೆ ಕಾದ ಕಲ್ಲಿನ ಮೇಲೆ ನೀರು ಸುರಿದು, ಬಿರುಕು ಬಿಟ್ಟದ್ದನ್ನು ಉಳಿಯಿಂದ ಎಬ್ಬಿಸಿ, ಮೇಲೆ ತಂದು ಬಂಡೆಯ ಮೇಲಿನ ದುಂಡು ಕುಳಿಗಳಲ್ಲಿ ಗುಂಡುಕಲ್ಲಿನಿಂದ ಅರೆದು, ಹಳ್ಳದ ನೀರಿನಲ್ಲಿ ತೊಳೆಯುವುದು ಅವರ ವಿಧಾನ. ಹೊಗೆ ತುಂಬಿದ, ಗಾಳಿಯಿಲ್ಲದ, ಯಾವಾಗ ಬೇಕಾದರೂ ನೀರು ನುಗ್ಗಬಹುದಾದ ಆ ಬಿಲಗಳಿಂದ ಎಷ್ಟೋ ಜನ ಮರಳಿ ಬಂದಿರಲಾರರು. ಕಾಲ ಸರಿದು, ಕೆಲಸ ನಿಂತು, ಕುಳಿಗಳಲ್ಲಿ ಮುಳ್ಳು ಬೆಳೆದ ಮೇಲೆ, ಒಳಗೆ ಹೊನ್ನಿದೆ, ಆದರೆ ಹೋದವರು ಬರುವುದಿಲ್ಲ, ಏನೋ ಕಾಯುತ್ತಿದೆ ಎಂಬ ಕತೆ ಉಳಿದರೆ ಅದನ್ನು ಕಟ್ಟುಕತೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದು ಅಪಘಾತದ ವರದಿ. ಕರ್ನಾಟಕದ ಭೂವಿಜ್ಞಾನಿಗಳು ಈ ಸತ್ಯವನ್ನು ಬಹಳ ಹಿಂದೆಯೇ ಅರಿತುಕೊಂಡಿದ್ದರು: ಹೊನ್ನಿನ ಅದಿರು ಸಿಗುವ ಧಾರವಾಡ ಶಿಲಾಪಟ್ಟಿಗಳನ್ನು ಗುರುತಿಸಿ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್‌ನ ಕಾಲದಿಂದ ಇಂದಿನವರೆಗೂ, ಚಿನ್ನವನ್ನು ಹುಡುಕುವವರು ಮೊದಲು ಹುಡುಕುವುದು ಹಳಬರ ಅಗೆತಗಳನ್ನು.

ಹಟ್ಟಿಗೆ ಹತ್ತಿರದ ಮಸ್ಕಿಯಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1915ರಲ್ಲಿ ನಿಜಾಮರ ಸರ್ಕಾರದ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಆ ಬೆಟ್ಟಗಳಲ್ಲಿ ಹೊನ್ನಿನ ಜಾಡು ಹುಡುಕುತ್ತಾ ಅಲೆಯುವಾಗ ಬಂಡೆಯೊಂದರ ಮೇಲೆ ಬ್ರಾಹ್ಮಿ ಲಿಪಿಯ ಬರಹವನ್ನು ಕಂಡ. ಅದೇ ಅರಸನವೆಂದು ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದವು. ಆ ಅರಸನು ಅಶೋಕನೇ ಎಂಬುದು ಸಿಂಹಳದ ಗ್ರಂಥಗಳ ನೆರವಿನಿಂದ ವಿದ್ವಾಂಸರು ಮಾಡಿಕೊಂಡಿದ್ದ ಊಹೆ. ಮಸ್ಕಿಯ ಬಂಡೆ ಅವನ ಹೆಸರನ್ನೇ ಹೇಳಿತು: ದೇವಾನಂಪಿಯಸ ಅಸೋಕಸ. ಹೊನ್ನು ಹುಡುಕಿದವನಿಗೆ ಸಿಕ್ಕ ಆ ಒಂದು ಪದವು ಭಾರತದ ಇತಿಹಾಸದ ದೊಡ್ಡ ಸಂದೇಹವೊಂದನ್ನು ತೀರಿಸಿತು. ಆದರೆ ಇದನ್ನು ಬರಿಯ ಕಾಕತಾಳೀಯ ಎಂದು ಭಾವಿಸಬಾರದು. ಪಾಟಲೀಪುತ್ರದ ಅರಸನೊಬ್ಬನು ಇಷ್ಟು ದೂರದ ಬಂಡೆಯ ಮೇಲೆ ಬರೆಯಿಸಬೇಕಾದರೆ ಅಲ್ಲಿ ಓದುವ, ಓದಿಸಿಕೊಳ್ಳುವ ಜನರು ನೆರೆದಿರಬೇಕು. ಸುತ್ತಲೂ ಹಳೆಯ ಹೊನ್ನಿನ ಅಗೆತಗಳಿರುವುದು ಆ ಜನ ಯಾಕೆ ನೆರೆದಿದ್ದರು ಎಂಬುದಕ್ಕೆ ಒಳ್ಳೆಯ ಉತ್ತರ. ಬ್ರಹ್ಮಗಿರಿಯಲ್ಲಿರುವ ಅಶೋಕನ ಇನ್ನೊಂದು ಶಾಸನದಲ್ಲಿ ಮೌರ್ಯರ ದಕ್ಷಿಣ ಪ್ರಾಂತದ ರಾಜಕುಮಾರನು ಆಜ್ಞೆ ಕಳಿಸುವುದು ಸುವರ್ಣಗಿರಿಯಿಂದ. ಅದು ಮಸ್ಕಿಯ ಸಮೀಪದ ಕನಕಗಿರಿಯೇ ಎನ್ನುವವರಿದ್ದಾರೆ, ಆಂಧ್ರದ ಜೊನ್ನಗಿರಿ ಎನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದಾದರೂ ಸರಿ, ಹೊನ್ನಿನ ಬೆಟ್ಟ ಎಂಬುದು ಇಪ್ಪತ್ತಮೂರು ಶತಮಾನಗಳ ಹಿಂದೆಯೇ ಆಡಳಿತದ ವಿಳಾಸವಾಗಿತ್ತು.

ಗದಗ ಸೀಮೆಯ ಕಪ್ಪತಗುಡ್ಡದ ಕತೆಯಲ್ಲಿ ಇದೇ ನೆನಪು ಇನ್ನೂ ಹತ್ತಿರದ ಕಾಲಕ್ಕೆ ಬರುತ್ತದೆ. ಡೋಣಿ, ಅತ್ತಿಕಟ್ಟಿ, ಸೊರಟೂರಿನ ಹಳ್ಳಗಳಲ್ಲಿ ಮಳೆಗಾಲದ ನಂತರ ಮರಳನ್ನು ಮರಿಗೆಯಲ್ಲಿ ತೊಳೆದು ಹೊನ್ನಿನ ಕಣ ತೆಗೆಯುವ ಜಾಲಗಾರರು 19ನೇ ಶತಮಾನದಲ್ಲಿ ಇನ್ನೂ ಇದ್ದರು. ಇಂಗ್ಲಿಷ್ ಅಧಿಕಾರಿಗಳು ಅವರ ಕೆಲಸವನ್ನು ನೋಡಿ ಬರೆದಿದ್ದಾರೆ, ಫೂಟ್ 1874ರ ವೇಳೆಗೆ ಆ ಗುಡ್ಡದ ಚಿನ್ನವನ್ನು ಪರೀಕ್ಷಿಸಿದ್ದಾನೆ. ದಿನವಿಡೀ ತೊಳೆದರೂ ಸಿಗುತ್ತಿದ್ದುದು ಕೂಲಿಗಿಂತ ಹೆಚ್ಚಿನದಲ್ಲ. 20ನೇ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದವು, ಕೆಲವೇ ವರ್ಷಗಳಲ್ಲಿ ನಿಂತವು. ಗುಡ್ಡದ ತುಂಬ ಬಂಗಾರ ಎಂಬ ಮಾತು ಮಾತ್ರ ನಿಲ್ಲಲಿಲ್ಲ, ಮತ್ತು ಆ ಮಾತಿನ ಬೆನ್ನಿಗೆ ಗಣಿಯ ಅರ್ಜಿಗಳು ಬರುತ್ತಲೇ ಇದ್ದವು. ಔಷಧಿ ಸಸ್ಯಗಳಿಂದ ತುಂಬಿದ ಆ ಗುಡ್ಡವನ್ನು ಉಳಿಸಲು ಮಠಾಧೀಶರು, ರೈತರು, ಪರಿಸರದ ಕಾರ್ಯಕರ್ತರು ಒಟ್ಟಾಗಿ ಹೋರಾಡಿದ ಫಲವಾಗಿ 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಅಲ್ಲಿ ಇರುವ ಅತ್ಯಲ್ಪ ಚಿನ್ನಕ್ಕಾಗಿ ಅಲ್ಲಿ ಇರುವ ಬೇರೆಲ್ಲವನ್ನೂ ಕಳೆದುಕೊಳ್ಳುವುದು ತಪ್ಪೆಂದು ಆ ಜನರು ನಿರ್ಧರಿಸಿದರು. ಅವರ ನಿರ್ಧಾರ ಸರಿಯಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಸಂಗವಶಾತ್ ಹುತ್ತದ ವಿಷಯವನ್ನೂ ಹೇಳಬೇಕು. ನಿಧಿ ಇರುವಲ್ಲಿ ಹುತ್ತ, ಹುತ್ತದಲ್ಲಿ ಸರ್ಪ ಎಂಬುದು ನಮ್ಮ ಕತೆಗಳ ಖಾಯಂ ಚಿತ್ರ. ಗೆದ್ದಲು ತೇವಕ್ಕಾಗಿ ಬಹಳ ಆಳಕ್ಕೆ ಇಳಿದು, ಅಲ್ಲಿನ ಮಣ್ಣಿನ ಕಣಗಳನ್ನು ಮೇಲೆ ತಂದು ಹುತ್ತ ಕಟ್ಟುತ್ತದೆ. ಆದ್ದರಿಂದ ಹುತ್ತದ ಮಣ್ಣನ್ನು ಪರೀಕ್ಷಿಸಿದರೆ ಕೆಳಗಿನ ಬಂಡೆಯಲ್ಲಿ ಏನಿದೆಯೆಂಬ ಸುಳಿವು ಸಿಗುತ್ತದೆ. ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ಖನಿಜಾನ್ವೇಷಕರು ಇದನ್ನು ವಿಧಾನವಾಗಿಯೇ ಬಳಸುತ್ತಾರೆ. ಆರನೇ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಅಂತರ್ಜಲವನ್ನು ಗುರುತಿಸಲು ಹುತ್ತವನ್ನು ಲಕ್ಷಣವಾಗಿ ಹೇಳಿದ್ದಾನೆ. ಹುತ್ತವನ್ನೂ ಹೊನ್ನನ್ನೂ ಒಟ್ಟಿಗೆ ಇರಿಸಿದ ನಮ್ಮ ಕತೆಗಾರರಿಗೆ ಇಂಥ ಅನುಭವದ ಆಧಾರವಿತ್ತೇ ಎಂದು ಖಚಿತವಾಗಿ ಹೇಳಲಾಗದು. ಆದರೆ ಹಳೆಯ ಅಗೆತಗಳಿರುವ ಊರುಗಳ ಹುತ್ತದ ಕತೆಗಳನ್ನು ಈ ಕಣ್ಣಿನಿಂದ ಒಮ್ಮೆ ನೋಡುವುದು ಸಾರ್ಥಕವಾದ ಕೆಲಸ.

ಐತಿಹ್ಯ ಕಟ್ಟುವುದು ಹಳೆಯ ಕಾಲಕ್ಕೆ ಮುಗಿಯಿತೆಂದು ತಿಳಿಯಬೇಡಿ. 2020ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಸೋನಭದ್ರದಲ್ಲಿ 3,350 ಟನ್ ಚಿನ್ನ ಸಿಕ್ಕಿದೆ ಎಂಬ ಸುದ್ದಿ ದೇಶವನ್ನೆಲ್ಲ ಸುತ್ತಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸ್ಪಷ್ಟೀಕರಣ ಕೊಟ್ಟಾಗ ತಿಳಿದದ್ದು, ಅಲ್ಲಿರುವುದು ಸುಮಾರು 52,800 ಟನ್ ಅದಿರು, ಟನ್ನಿಗೆ ಮೂರು ಗ್ರಾಮಿನಂತೆ ಅದರಿಂದ ಬರಬಹುದಾದ ಚಿನ್ನ ಸುಮಾರು 160 ಕಿಲೋ. ನಮ್ಮದೇ ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ 14,100 ಟನ್ ಲಿಥಿಯಂ ಇದೆ ಎಂದು ಅದೇ ವರ್ಷ ಸುದ್ದಿಯಾಯಿತು. ಮುಂದಿನ ವರ್ಷ ಪ್ರಕಟವಾದ ಅಂದಾಜು 1,600 ಟನ್. ಅದಿರಿಗೂ ಲೋಹಕ್ಕೂ, ಅಂದಾಜಿಗೂ ನಿಕ್ಷೇಪಕ್ಕೂ ಇರುವ ಅಂತರವನ್ನು ಯಾರೂ ಕೇಳದಿದ್ದಾಗ ಪತ್ರಿಕೆಯ ಮುಖಪುಟದಲ್ಲಿಯೂ ಏಳು ಕೊಪ್ಪರಿಗೆ ಉರುಳುತ್ತದೆ.

ಈಗ ಹಾನಿಯ ಮಾತು. ಶಾಸನವಿರುವ ಕಲ್ಲೆಂದರೆ ನಿಧಿಯ ಗುರುತು, ಅದರ ಬರಹವೇ ನಿಧಿಯ ಬೀಗ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಇದರಿಂದ ಒಡೆದುಹೋದ ವೀರಗಲ್ಲುಗಳು, ಬುಡ ಮೇಲಾದ ನಂದಿಗಳು, ಪೀಠದಿಂದ ಕಿತ್ತ ಲಿಂಗಗಳು ಯಾವ ಜಿಲ್ಲೆಯಲ್ಲಿಯೂ ಕಾಣಸಿಗುತ್ತವೆ. 2019ರ ಜುಲೈಯಲ್ಲಿ ಆನೆಗುಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನಕ್ಕೆ ನಿಧಿಗಳ್ಳರು ನುಗ್ಗಿ ವ್ಯಾಸರಾಜರ ಬೃಂದಾವನವನ್ನೇ ಕೆಡವಿ ಅಗೆದರು. ಸರ್ವವನ್ನೂ ತೊರೆದ ಯತಿಯೊಬ್ಬರ ಸಮಾಧಿಯಲ್ಲಿ ಹೊನ್ನು ಹುಡುಕುವ ಮಟ್ಟಕ್ಕೆ ಆಸೆ ಮನುಷ್ಯನನ್ನು ಇಳಿಸಿತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಭಕ್ತರು ಕೂಡಲೇ ಸೇರಿ ಅದನ್ನು ಮತ್ತೆ ಕಟ್ಟಿದರು. ಹೊಲದ ಬದುವಿನಲ್ಲಿ ಒಡೆದುಬಿದ್ದ ಶಾಸನಕ್ಕೆ ಅಂಥ ಭಕ್ತರು ಇರುವುದಿಲ್ಲ. ಅದರ ಮೇಲಿನ ಊರಿನ ಹೆಸರು, ಕೆರೆಯ ದಾನ, ಸತ್ತ ವೀರನ ನೆನಪು ಒಂದೇ ಏಟಿಗೆ ಹೋಗುತ್ತದೆ.

ಆಕಸ್ಮಿಕವಾಗಿ ಏನಾದರೂ ಸಿಕ್ಕರೆ ಏನು ಮಾಡಬೇಕೆಂಬುದೂ ನಮ್ಮ ಜನರಿಗೆ ಸರಿಯಾಗಿ ತಿಳಿದಿಲ್ಲ. 1878ರ ಭಾರತೀಯ ನಿಧಿ ಕಾಯ್ದೆ ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕವನು ಕಲೆಕ್ಟರಿಗೆ ತಿಳಿಸಬೇಕು ಎಂದಿತು. ಹಕ್ಕುದಾರರಿಲ್ಲದ ನಿಧಿಯಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಮುಕ್ಕಾಲು ಪಾಲು ಸಿಕ್ಕವನಿಗೆ, ಕಾಲು ಪಾಲು ನೆಲದ ಒಡೆಯನಿಗೆ ಎಂದು ಹಂಚಿತು; ಸರ್ಕಾರವೇ ಅದನ್ನು ಇಟ್ಟುಕೊಳ್ಳಬಯಸಿದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಭಾಗವನ್ನು ಹೆಚ್ಚಾಗಿ ಕೊಡಬೇಕೆಂದಿತು. ಕರ್ನಾಟಕವು 1962ರಲ್ಲಿ ತನ್ನದೇ ನಿಧಿ ಕಾಯ್ದೆಯನ್ನು ಮಾಡಿಕೊಂಡಿತು. ತಿಳಿಸಿದವನನ್ನು ಕಾಯ್ದೆ ಕಳ್ಳನೆಂದು ಕಾಣುವುದಿಲ್ಲ. ಮುಚ್ಚಿಟ್ಟವನನ್ನು ಮಾತ್ರ ಶಿಕ್ಷಿಸುತ್ತದೆ. ಈ ವಿಷಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಬೇಕು. ಹೆದರಿ ರಾತ್ರೋರಾತ್ರಿ ಅಕ್ಕಸಾಲಿಗನ ಮೂಸೆಗೆ ಹೋದ ನಾಣ್ಯದ ಜೊತೆಗೆ ಅದು ಯಾವ ಅರಸನದು, ಯಾವ ಗಡಿಗೆಯಲ್ಲಿ, ಎಷ್ಟು ಆಳದಲ್ಲಿ, ಇನ್ನೇನರ ಜೊತೆಗೆ ಇತ್ತು ಎಂಬುದೆಲ್ಲವೂ ಕರಗಿಹೋಗುತ್ತದೆ.

ಕೊನೆಯದಾಗಿ, ಇಲ್ಲಿರುವ ಜಾನಪದ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ ಇದೆ. ನಿಧಿಯ ಕತೆಯನ್ನು ಬರೆದುಕೊಳ್ಳುವಾಗ ಕತೆಯ ಜೊತೆಗೆ ಅದು ಯಾವ ಗುಡ್ಡದ, ಯಾವ ಹಳ್ಳದ, ಯಾವ ಸರ್ವೆ ನಂಬರಿನ ಕತೆ ಎಂಬುದನ್ನೂ ಬರೆದುಕೊಳ್ಳಿ; ಹತ್ತಿರದಲ್ಲಿ ಕುಳಿಗಳಿವೆಯೇ, ಕುಟ್ಟಿದ ಬಿಳಿಗಲ್ಲಿನ ರಾಶಿ ಇದೆಯೇ, ಬಂಡೆಯ ಮೇಲೆ ದುಂಡು ಗುಳಿಗಳಿವೆಯೇ, ಕಬ್ಬಿಣದ ಕಿಟ್ಟ ಬಿದ್ದಿದೆಯೇ ನೋಡಿ; ಅಲ್ಲಿ ಯಾವ ಸಮುದಾಯದವರು ಮಣ್ಣು ತೊಳೆಯುತ್ತಿದ್ದರು ಎಂದು ಹಿರಿಯರನ್ನು, ಅದರಲ್ಲೂ ಹಿರಿಯ ಹೆಂಗಸರನ್ನು ಕೇಳಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಬಳಿ ಹಳೆಯ ಅಗೆತಗಳ ನಕಾಶೆಗಳಿವೆ, ವಿಶ್ವವಿದ್ಯಾಲಯಗಳ ಬಳಿ ಐತಿಹ್ಯಗಳ ಸಂಗ್ರಹಗಳಿವೆ. ಎರಡನ್ನೂ ಒಂದೇ ಮೇಜಿನ ಮೇಲೆ ಹರಡಿ, ಮೊದಲು ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳ ಮಟ್ಟಿಗಾದರೂ ಹೋಲಿಸಿ ನೋಡುವ ಕೆಲಸವನ್ನು ಯಾರಾದರೂ ಕೈಗೆತ್ತಿಕೊಳ್ಳಬೇಕು.